ಒಂದೇ ಮೀಸೆ, ಎರಡು ಮನೆ

ಎಂಬತ್ತೊಂದರ ಜನಗಣತಿಯಲ್ಲಿ ಎಣಿಸುವ ಕೆಲಸ ನನಗೆ ಬಂದಾಗ ನಾನು ಕುಣಿಯುವುದೊಂದು ಬಾಕಿ! ಜನಸಂಖ್ಯೆಯ ವಿಷಯದಲ್ಲಿ ಕಾಪುವಿನಲ್ಲಿ ನನಗಿಂತ ಅನುಭವಿ ಯಾರಿದ್ದಾರೆ? ಶಾಲೆಯ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಿಡಿಸಿದವನು ನಾನು. ತುರ್ತುಪರಿಸ್ಥಿತಿಯಲ್ಲಿ "ಆಪರೇಷನ್ನಿಗೆ ಜನ ತನ್ನಿ" ಎಂದು ಮೇಲಿನಿಂದ ಒತ್ತಾಯ ಬಂದಾಗ ಊರಿನ ಗಂಡಸರು ನನ್ನನ್ನು ಕಂಡು ಗದ್ದೆಗೆ ಹಾರುತ್ತಿದ್ದರು. ಸರಕಾರ ಬದಲಾದ ಮೇಲೆ ಕುಟುಂಬ ಯೋಜನೆ ಹೋಗಿ ಕುಟುಂಬ ಕಲ್ಯಾಣವಾಯಿತು. ಬೋರ್ಡಿನಲ್ಲಿ 'ಯೋಜನೆ'ಯ ಮೇಲೆ ಪೇಂಟ್ ಹಚ್ಚಿದವನೂ ನಾನೇ.

ಉಡುಪಿಯ ಜನಗಣತಿ ಮೇಲ್ವಿಚಾರಕರು ಆಸೆ ಹುಟ್ಟಿಸಿದ್ದರು. "ಲೆಕ್ಕ ಚೊಕ್ಕವಾಗಿರಲಿ ಮಾಷ್ಟ್ರೆ, ನಿಮ್ಮ ಪರ್ಕಳದ ವರ್ಗಾವಣೆಗೆ ನಾನೇ ಶಿಫಾರಸು ಮಾಡುತ್ತೇನೆ."

ಪರ್ಕಳದಲ್ಲಿ ನನ್ನ ಹೆಂಡತಿ ಸುನಂದಾ ತಾಯಿಯ ಜೊತೆ ಇದ್ದಳು, ಮಣಿಪಾಲದಲ್ಲಿ ಟೈಪಿಸ್ಟ್. ನಾನು ಕಾಪುವಿನ ಬಾಡಿಗೆ ಕೋಣೆಯಲ್ಲಿ. ನಮ್ಮ ಸಂಸಾರ ನಡೆಯುತ್ತಿದ್ದದ್ದು ವಾರಕ್ಕೆ ಎರಡು ರಾತ್ರಿ, ಅದೂ ಬಸ್ಸು ಸಿಕ್ಕಿದರೆ.

ಮೊದಲ ಮನೆಯೇ ಮುತ್ತಕ್ಕನದು. ಹೆಣ್ಣಿನ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ಮನೆ, ಯಜಮಾನಿ ಆಕೆಯೇ. ಹೆಸರುಗಳ ಪಟ್ಟಿಯಲ್ಲಿ ತಮ್ಮ ಸಂಜೀವನೂ ಬಂದ.

"ಸಂಜೀವಣ್ಣ ಮಲಗುವುದು ಎಲ್ಲಿ ಮುತ್ತಕ್ಕ?"

"ಹೆಂಡತಿ ಮನೆಯಲ್ಲಿ. ಅದಕ್ಕೆಂತ? ನೀವು ಮಲಗಿದವನನ್ನು ಲೆಕ್ಕ ಮಾಡುವುದಾ, ಎದ್ದವನನ್ನಾ? ನನ್ನ ತಮ್ಮ ನಮ್ಮ ಮನೆಯವ. ಬರೆಯಿರಿ!"

ಬರೆದೆ. ನಾಲ್ಕು ಮನೆ ದಾಟಿದರೆ ಸಂಜೀವನ ಹೆಂಡತಿ ಗುಲಾಬಿ.

"ಊಟ ಇಲ್ಲಿ, ಬಟ್ಟೆ ಇಲ್ಲಿ, ಗೊರಕೆ ಇಲ್ಲಿ. ಮತ್ತೆ ಅವರು ಎಲ್ಲಿಯವರು ಮಾರಾಯ್ರೆ? ಬರೆಯಿರಿ!"

ಬರೆದೆ. ಇಬ್ಬರೂ ಎಳನೀರು ಕೊಟ್ಟಿದ್ದರು. ಯಾರಿಗೆ ಇಲ್ಲ ಎನ್ನುವುದು? ಓಣಿಯುದ್ದಕ್ಕೂ ಇದೇ ಕಥೆ. ಸೆಲಿನ್ ಬಾಯಿಯಂತೂ ಬಹರೈನಿನಲ್ಲಿದ್ದ ಮಗನನ್ನೂ ಬರೆಸಿದರು. "ಕ್ರಿಸ್ಮಸ್ಸಿಗೆ ಬರುತ್ತಾನಲ್ವಾ!"

ಮೇಲ್ವಿಚಾರಕರು ಹಾಳೆ ತಿರುವಿ ಕನ್ನಡಕ ತೆಗೆದರು.

"ಇಷ್ಟು ವರ್ಷ ಕುಟುಂಬ ಕಲ್ಯಾಣದ ಭಾಷಣ ಮಾಡಿದ್ದು ನೀವೇ ಅಲ್ವಾ? ನಿಮ್ಮ ಓಣಿಯಲ್ಲಿ ಗಂಡಸರೆಲ್ಲ ಇಮ್ಮಡಿ ಆಗಿದ್ದಾರೆ! ಒಂದೇ ಮೀಸೆ ಎರಡು ಮನೆಯಲ್ಲಿ ಹೇಗೆ ಮಾರಾಯ್ರೆ? ಎರಡು ದಿನ ಉಂಟು. ಸರಿಮಾಡಿ. ಇಲ್ಲದಿದ್ದರೆ ಪರ್ಕಳವನ್ನು ಮರೆತುಬಿಡಿ."

ಕೆಂಪು ಪೆನ್ಸಿಲ್ ಹಿಡಿದು ಓಡಿದೆ. ಮಲಗುವ ಮನೆಯೇ ಮನೆ! ಸಂಜೀವ ಅಕ್ಕನ ಮನೆಯಿಂದ ಔಟ್! ಬಹರೈನ್ ಔಟ್! ತುರ್ತುಪರಿಸ್ಥಿತಿಯಲ್ಲೂ ನನ್ನಿಂದ ಇಷ್ಟು ಜನಸಂಖ್ಯೆ ಇಳಿದಿರಲಿಲ್ಲ. ಮುತ್ತಕ್ಕ, ತಾನು ಕೊಟ್ಟ ಎಳನೀರು ನೆನಪಿಸಿ ಬೈದಳು. ಕೊನೆಗೆ ಉಳಿದದ್ದು ನನ್ನದೇ ಕೋಣೆ, ಒಬ್ಬನೇ ಸದಸ್ಯ. ಹೆಂಡತಿ ಪರ್ಕಳದಲ್ಲಿ ನನ್ನ ಹೆಸರು ಬರೆಸದೆ ಇರುತ್ತಾಳೆಯೇ? ನನ್ನ ಮೀಸೆಯೂ ಎರಡು ಕಡೆ ಇರಬಾರದು. ಸ್ವಂತಕ್ಕೂ ರಿಯಾಯಿತಿ ಇಲ್ಲ! ನನ್ನ ಹೆಸರಿನ ಮೇಲೆ ಗೆರೆ ಎಳೆದೆ. ಎಳೆಯುವಾಗ ಕಣ್ಣು ತುಂಬಿತ್ತು ಎಂದು ಹಲವರ ಬಳಿ ಹೇಳಿದ್ದೇನೆ. ತುಂಬಿರಲಿಲ್ಲ. ಸಿಳ್ಳೆ ಹಾಕುತ್ತಿದ್ದೆ.

ಹಾಳೆಗಳನ್ನು ಒಪ್ಪಿಸಿ ಶನಿವಾರ ಪರ್ಕಳಕ್ಕೆ ಹೋಗಿ ಸುನಂದಾಳಿಗೆ ನನ್ನ ತ್ಯಾಗದ ವರದಿ ಕೊಟ್ಟೆ. ಅವಳು ಮೀನು ಹೆಚ್ಚುತ್ತಿದ್ದಳು. ಕೈ ನಿಂತಿತು.

"ಇಲ್ಲಿ ನಿಮ್ಮ ಹೆಸರಿಲ್ಲ."

"ಎಂತ?"

"ಹೋದ ವಾರ ನೀವೇ ಪಾಠ ಹೇಳಿದಿರಿ, ಹೆಚ್ಚು ದಿನ ಮಲಗುವ ಮನೆಯೇ ಮನೆ ಅಂತ. ನೀವು ಐದು ರಾತ್ರಿ ಕಾಪುವಿನಲ್ಲಿ ಅಲ್ವಾ? ಎಣಿಸುವವರು ಕೇಳಿದಾಗ, ಅವರು ಇಲ್ಲಿಯವರಲ್ಲ ಎಂದೆ."

ಅವಳು ಆಗ 'ನೆಂಟರು ಎಂದೆ' ಅಂದಳೆಂದು ನನ್ನ ನೆನಪು. ಹಾಗೆ ಅನ್ನಲೇ ಇಲ್ಲ ಎಂದು ಅವಳು ಈಗಲೂ ಜಗಳಕ್ಕೆ ಬರುತ್ತಾಳೆ. ಏನಿದ್ದರೂ ಎರಡೂ ಊರಿನ ಹಾಳೆಗಳ ಕಟ್ಟುಗಳು ಆಗಲೇ ಮೇಲೆ ಹೋಗಿದ್ದವು.

ಸೋಮವಾರ ಉಡುಪಿಗೆ ಓಡಿದೆ. ನಾನು ಬಾಯಿ ತೆರೆಯುವ ಮೊದಲೇ ಮೇಲ್ವಿಚಾರಕರು ಕೈ ಕುಲುಕಿದರು.

"ಭೇಷ್ ಮಾಷ್ಟ್ರೆ! ಒಂದು ತಲೆ ಹೆಚ್ಚಿಲ್ಲ! ಇಂಥವರನ್ನು ಕಾಪುವಿನಿಂದ ಬಿಡಲಿಕ್ಕುಂಟಾ? ಅಲ್ಲಿಯೇ ಇರಬೇಕೆಂದು ಬರೆದಿದ್ದೇನೆ."

ಒಂದು ತಲೆ ಕಡಿಮೆಯೇ ಇತ್ತು; ಅದನ್ನು ಹೇಳದೆ ಕಾಪುವಿನ ಬಸ್ಸು ಹತ್ತಿದೆ. ಇನ್ನೂ ಆರು ವರ್ಷ ಕಾಪುವಿನಲ್ಲೇ ಕಳೆದೆ. ದೇಶದ ಜನಸಂಖ್ಯೆ ಇಳಿಸಲು ಅಷ್ಟು ಗೋಡೆಗೆ ಬಣ್ಣ ಬಳಿದು, ಅಷ್ಟು ಭಾಷಣ ಬಿಗಿದು, ಕೊನೆಗೆ ನಾನು ನಿಜವಾಗಿ ಇಳಿಸಿದ್ದು ಒಬ್ಬನನ್ನು. ಅವನೂ ಸಂಜೆ ಕೋಣೆಗೆ ಬಂದು ಗಂಜಿ ಬೇಯಿಸುತ್ತಿದ್ದ.