ಕುಂಕುಮ ಹಚ್ಚಿದ ಫ್ಲಾಪಿ

ಒಂದು ಕೈಯಲ್ಲಿ ಫ್ಲಾಪಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಜೀಪಿನ ಹಿಂದಿನ ಕಂಬಿ ಹಿಡಿದು, ಧನರಾಜ ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಿಂದ ಅರ್ಧ ಫರ್ಲಾಂಗು ಓಡಿದ. ಒಳಗಿದ್ದವರು ಅಂಗಿ ಹಿಡಿದು, ಜೋಳದ ಚೀಲ ಎಳೆದುಕೊಳ್ಳುವಂತೆ ಎಳೆದುಕೊಂಡರು.

"ಏನೋ ಅದು ಕೈಯಾಗ? ಪ್ರಸಾದೇನು?" ಎಂದಳು ನೆರೆಮನೆಯ ಶಕುಂತಲಾಬಾಯಿ. ಗುರುವಾರ, ಆಕೆ ಮಾಣಿಕನಗರದ ಮಠಕ್ಕೆ ಹೊರಟಿದ್ದಳು.

"ಫ್ಲಾಪಿ ರೀ ಕಾಕು. ನನ್ನ ಕಾಲೇಜಿನ ಕೆಲಸೆಲ್ಲಾ ಇದರಾಗೇ ಅದ. ಅವ್ವ ಪೂಜಾ ಮಾಡ್ಯಾಳ."

ತಾಪತ್ರಯ ಶುರುವಾಗಿದ್ದೇ ಆ ಪೂಜೆಯಿಂದ. ಧನರಾಜ ವೆಬ್ ಪ್ರೋಗ್ರಾಮಿಂಗಿನಲ್ಲಿ ಎರಡು ಸಲ ಫೇಲಾಗಿದ್ದ. ಈ ಸಲವೂ ಇಂಟರ್ನಲ್ ಅಂಕ ಬರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಬಿಸಿಎ ಮತ್ತೊಂದು ವರ್ಷ ಎಳೆಯುತ್ತದೆ. ಅದಕ್ಕೇ ತಾಯಿ ಚಂದಮ್ಮ ಫ್ಲಾಪಿಯನ್ನು ದೇವರ ಮುಂದಿಟ್ಟು, ಅದರ ತಗಡಿನ ಬಾಗಿಲು ಸರಿಸಿ, ವಿದ್ಯೆ ಇರುವುದು ಒಳಗೆ ತಾನೆ ಎಂದು, ಸರಿಯಾಗಿ ಅಲ್ಲಿಗೇ ಕುಂಕುಮ ಹಚ್ಚಿದ್ದಳು.

ಹುಮನಾಬಾದಿನ ಕಾಲೇಜಿನಲ್ಲಿ ಸತೀಶಕುಮಾರ ಸರ್ ತಮ್ಮ ನಿಯಮಗಳನ್ನು ಲ್ಯಾಬಿನ ಬಾಗಿಲಿಗೇ ಅಂಟಿಸಿದ್ದರು. ಒಂದು ವೆಬ್ ಪೇಜು ಮಾಡಿ ಗುರುವಾರ ಸಂಜೆ ಐದರೊಳಗೆ ಫ್ಲಾಪಿಯಲ್ಲಿ ಕೊಡಬೇಕು, ತಡವಾದರೆ ಸೊನ್ನೆ. ಪೇಜು ತೆರೆಯದಿದ್ದರೆ ಸೊನ್ನೆ. ಇಬ್ಬರ ಪೇಜು ಒಂದೇ ಆಗಿದ್ದರೆ ಇಬ್ಬರಿಗೂ ಸೊನ್ನೆ. ಪೂರ್ಣ ಅಂಕ ಇಪ್ಪತ್ತೈದು ಎಂಬುದು ಮಾತ್ರ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಬಾಯಿತಪ್ಪಿ ಬಂದಂತೆ ಇತ್ತು.

"ಕುಂಕುಮ ಒಳಗ ಹೋಗ್ಯದ ನೋಡು. ತಾ ಇಲ್ಲಿ," ಎಂದು ಶಕುಂತಲಾಬಾಯಿ ಫ್ಲಾಪಿ ಕಸಿದುಕೊಂಡಳು. ಸೆರಗಿನ ತುದಿಗೆ ಉಗುಳು ಹಚ್ಚಿ, ಕೂಸಿನ ಮೂಗು ಒರೆಸುವ ಶ್ರದ್ಧೆಯಿಂದ ಒರೆಸಿದಳು. ಬೊಟ್ಟು ಇದ್ದಲ್ಲಿ ಕೆಂಪು ಕೆಸರಾಯಿತು.

ಮುಂದಿನಿಂದ ಡ್ರೈವರ್ ಗುಲಾಮ್ ರಸೂಲ್ ಕನ್ನಡಿಯಲ್ಲಿ ಎಲ್ಲ ನೋಡುತ್ತಿದ್ದ. "ಹಾಂಗ ಹೋಗೂದಿಲ್ರಿ ಬಾಯಿ. ಅದಕ್ಕ ಹವಾ ಹೊಡೀಬೇಕು!"

"ಬ್ಯಾಡ್ರಿ ಚಾಚಾ, ಟೈಮಿಲ್ಲ..."

ಜೀಪು ಆಗಲೇ ಪಂಕ್ಚರ್ ಅಂಗಡಿ ಮುಂದೆ ನಿಂತಿತ್ತು. ಲಾರಿ ಗಾಲಿಗೆ ತುಂಬುವ ಗಾಳಿಯನ್ನು ಗುಲಾಮ್ ರಸೂಲ್ ಫ್ಲಾಪಿಯ ಬಾಯಿಗೆ ಬಿಟ್ಟ. ಕುಂಕುಮ ಧನರಾಜನ ಮುಖಕ್ಕೆ ಬಡಿಯಿತು. ತಗಡಿನ ಬಾಗಿಲು ಸ್ಪ್ರಿಂಗ್ ಸಮೇತ ಹಾರಿ ತೊಗರಿ ಹೊಲ ಸೇರಿತು. ಜೀಪಿನಲ್ಲಿದ್ದ ಹದಿನಾಲ್ಕೂ ಮಂದಿ ಇಳಿದು, ಕಳೆದ ಮೂಗುತಿ ಹುಡುಕುವವರಂತೆ ಬಗ್ಗಿ ಹುಡುಕಿದರು. ಮುಕ್ಕಾಲು ಗಂಟೆ ಹೋಯಿತು. ಬಾಗಿಲು ಸಿಗಲಿಲ್ಲ.

ಹುಮನಾಬಾದಿನಲ್ಲಿ ಯುನೂಸನ ಇಂಟರ್‌ನೆಟ್ ಅಂಗಡಿಗೆ ಧನರಾಜ ನುಗ್ಗಿದಾಗ ನಾಲ್ಕು ನಲವತ್ತು. ಯುನೂಸ್ ಫ್ಲಾಪಿ ಹಿಡಿದು, ಅವನ ಕೆಂಪು ಮುಖ ನೋಡಿ, "ಯಾರ ಕೂಡ ಹೊಡೆದಾಡಿ ಬಂದಿ?" ಎಂದ.

"ಯುನೂಸ್‌ಭಾಯಿ, ನಾ ಮುಳುಗಿದೆ."

"ಅರೆ, ಫಿಕರ್ ಮಾಡಬ್ಯಾಡ! ಇದು ಖಲಾಸ್, ಖರೆ. ಆದ್ರ ನಿನ್ನ ಪೇಜು ನನ್ನ ಕಂಪ್ಯೂಟರಿನಾಗೇ ಅದ." ಹೊಸ ಫ್ಲಾಪಿಗೆ ಇಳಿಸಿಕೊಟ್ಟ. "ಭಾಳ ಛಂದ ಆಗ್ಯದ ಅಂತ ನಿನ್ನ ದೋಸ್ತರೆಲ್ಲಾ..."

ಮಾತು ಮುಗಿಯುವಷ್ಟರಲ್ಲಿ ಧನರಾಜ ರಸ್ತೆಯಲ್ಲಿದ್ದ.

ಐದಕ್ಕೆ ನಾಲ್ಕು ನಿಮಿಷವಿರುವಾಗ ಸರ್ ಆ ಫ್ಲಾಪಿ ಹಾಕಿದರು. ಪೇಜು ತೆರೆಯಿತು. ಗುಲಾಬಿ ಹೂವಿನ ಅಂಚಿನೊಳಗೆ ಚಂದಮ್ಮನ ಫೋಟೊ; ಕೆಳಗೆ 'ನನ್ನ ತಾಯಿ ಚಂದಮ್ಮ' ಎಂದು ಬಲದಿಂದ ಎಡಕ್ಕೆ ಓಡುವ ಇಂಗ್ಲಿಷ್ ಅಕ್ಷರ. ಧನರಾಜನಿಗೆ ಕಣ್ಣು ತುಂಬಿ ಬಂತು.

"ಇದು ಇವತ್ತಿನ ಹತ್ತೊಂಬತ್ತನೇ ಚಂದಮ್ಮ," ಎಂದರು ಸರ್.

"ಏನ್ರಿ ಸರ್?"

"ಇಸ್ಮಾಯಿಲನ ತಾಯಿನೂ ಚಂದಮ್ಮ. ದೀಪಾಲಿ ತಾಯಿನೂ ಚಂದಮ್ಮ. ಎಲ್ಲಾರೂ ಮ್ಯಾಲ ತಮ್ಮ ಹೆಸರು ಹಾಕ್ಯಾರ, ಕೆಳಗ ತಾಯಿನ ಹಾಂಗೇ ಬಿಟ್ಟಾರ. ಇಡೀ ಕ್ಲಾಸಿನ್ನ ಒಬ್ಬಾಕೇ ಹಡದಾಳೇನು?"

ಯುನೂಸನ ಅರ್ಧ ಮಾತು ಧನರಾಜನಿಗೆ ಈಗ ಪೂರ್ತಿ ಕೇಳಿಸಿತು. "ಆಕಿ ನಮ್ಮ ಅವ್ವರೀ ಸರ್! ನನ್ನ ಖರೇ ಅವ್ವ!"

ಸರ್ ನಕ್ಕುಬಿಟ್ಟರು. "ಗೊತ್ತದಪಾ. ಹೋದ ವರ್ಷ ನೀ ಫೇಲಾದಾಗ ಇಲ್ಲೇ ನಿಂತು ನನಗ ಒಂದು ತಾಸು ಬೈದು, ಹೋಗೂಮುಂದ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ಹೋದಾಕಿ. ಆಕಿ ಮಾರಿ ಮರೀತದೇನು? ಉಳಿದ ಹದಿನೆಂಟು ಮಂದಿಗೂ ಸೊನ್ನೆ. ಖರೇ ಮಾಲಕಗ ಮಾತ್ರ ಅನ್ಯಾಯ ಆಗಬಾರದು."

ಅವರು ಎದ್ದು, ಬಾಗಿಲಿನ ಹಾಳೆಯ ಮೇಲೆ ಪೆನ್ನಿನಿಂದ ಹೊಸ ನಿಯಮವನ್ನೇ ಬರೆದರು: ಸ್ವಂತ ಮಾಡಿದವನು ಎದುರಿಗೆ ಮಾಡಿ ತೋರಿಸಿದರೆ ಪೂರ್ಣ ಅಂಕ. ತಮ್ಮ ಕುರ್ಚಿಯನ್ನು ತಾವೇ ಎಳೆದು ಕಂಪ್ಯೂಟರಿನ ಮುಂದೆ ಹಾಕಿದರು.

"ಬಾ, ಕೂಡು. ಅವ್ವನ ಫೋಟೊದ ಕೆಳಗ ಇನ್ನೊಂದೇ ಒಂದು ಸಾಲು ಓಡಿಸು. ಇಪ್ಪತ್ತೈದಕ್ಕ ಇಪ್ಪತ್ತೈದು!"

ಧನರಾಜ ಕೀಬೋರ್ಡ್ ನೋಡಿದ. ಮೂರು ಸಂಜೆ ಯುನೂಸನ ಅಂಗಡಿಯಲ್ಲಿ ಅವನೂ ಸುಮ್ಮನೆ ಕೂತಿರಲಿಲ್ಲ. ಫೋಟೊ ತಂದಿದ್ದ. ಗುಲಾಬಿ ಹೂವು ಆರಿಸಿದ್ದ. ಕೀಲಿ ಒತ್ತಿ ಒತ್ತಿ ಯುನೂಸನ ಬೆರಳು ದಣಿದಾಗಲೆಲ್ಲ ಚಹಾ ತಂದುಕೊಟ್ಟಿದ್ದ.

"ಬ್ಯಾಡ್ರಿ ಸರ್," ಎಂದ ಧನರಾಜ. "ನಾ ಕೂಡೂದಿಲ್ಲ."