ಬಂಡೆಯ ಮೇಲೆ ಉಳಿದ ಚಪ್ಪಲಿ

ಮಳೆಗಾಲ ಬಂತೆಂದರೆ ನನ್ನ ಜೀಪಿನೊಳಗೆ ಒಂದಿಲ್ಲೊಂದು ಫಜೀತಿ ತಾನಾಗಿಯೇ ಹತ್ತಿ ಕೂಡುತ್ತದೆ. ಅದಕ್ಕೆ ಸೀಟೂ ಬೇಕಿಲ್ಲ, ಕರೆಯುವುದೂ ಬೇಕಿಲ್ಲ. ಹುಮನಾಬಾದಿನ ಕಡೆಯಿಂದ ಚಿಂಚೋಳಿ ಕಾಡಿನ ಜಲಪಾತಕ್ಕೆ ಮಂದಿಯನ್ನು ಕರೆದೊಯ್ಯುವುದು ನನ್ನ ಕೆಲಸ. ಒಯ್ಯುವುದು ಸುಲಭ. ಒಯ್ದಷ್ಟೂ ಮಂದಿಯನ್ನು ವಾಪಸು ತರುವುದರೊಳಗೆ ನನ್ನ ಜೀವ ಹೋಗಿ ಬಂದಿರುತ್ತದೆ. ಇಷ್ಟು ವರ್ಷದಲ್ಲಿ ಒಬ್ಬರನ್ನೂ ಅಲ್ಲಿ ಬಿಟ್ಟು ಬಂದಿಲ್ಲ. ಊರಲ್ಲಿ ನನಗೊಂದು ಮರ್ಯಾದೆ ಅಂತ ಇದ್ದರೆ ಅದು ಇದೊಂದೇ. ಅದಕ್ಕೇ ಕೊರಳಲ್ಲಿ ಸೀಟಿ, ಹೆಗಲ ಮೇಲೆ ಹಗ್ಗ, ಬಾಯಲ್ಲಿ ಭಾಷಣ.

ಕೆಂಪು ನೀರು

ಭಾಷಣದ ಮುಖ್ಯ ಮಾತು ಇದು: "ಇಲ್ಲಿ ಬಿಸಲಿದ್ರೂ ಮ್ಯಾಲೆ ಮಳಿ ಆಗಿರ್ತದ್ರಿ. ನೀರು ಕೆಂಪಾಯ್ತಂದ್ರ ಹಿಂದ-ಮುಂದ ನೋಡಬ್ಯಾಡ್ರಿ, ದಂಡಿಗಿ ಓಡ್ರಿ." ಎಲ್ಲರೂ ಹೂಂ ಅನ್ನುತ್ತಾರೆ. ಯಾರೂ ಕೇಳುವುದಿಲ್ಲ.

ಒಮ್ಮೆ ಬಸವಕಲ್ಯಾಣದ ಬಟ್ಟೆ ಅಂಗಡಿಯವರು ಮನೆಮಂದಿಯ ಸಮೇತ ಬಂದಿದ್ದರು. ಸಣ್ಣ ಝರಿಯಲ್ಲಿ ಎಲ್ಲರೂ ಕಾಲು ಬಿಟ್ಟು ಕೂತಿದ್ದಾಗ ಒಬ್ಬ ಹೆಂಗಸು, "ಕೆಂಪಾಯ್ತು! ಕೆಂಪಾಯ್ತು!" ಎಂದು ಚೀರಿದಳು. ಕಣ್ಣು ಮಿಟುಕಿಸುವುದರೊಳಗೆ ಎಲ್ಲರೂ ದಂಡೆಯ ಮೇಲೆ. ನಾನು ಉಸಿರು ಕಟ್ಟುವವರೆಗೆ ಸೀಟಿ ಊದಿದೆ. ತಲೆ ಎತ್ತಿ ನೋಡಿದರೆ, ಮೇಲಿನ ಕಲ್ಲಿನ ಮೇಲೆ ಅವರ ಮನೆಯ ನಿವೃತ್ತ ಮಾಸ್ತರರು ಪಾನ್ ಜಗಿಯುತ್ತ ಕೂತು, ಎರಡನೇ ಸಲ ನೀರಿಗೆ ಪಿಚಕ್ ಎಂದು ಉಗುಳಿದರು.

"ಯಾಕ್ರಿ, ಎಲ್ಲಾರೂ ಎದ್ದೇ ಬಿಟ್ರಿ? ನೀರು ಛಲೋ ಅದ ಅಲ್ಲ?" ಎಂದರು.

ನನ್ನ ಮಾತನ್ನು ಮಂದಿ ಇಷ್ಟು ಚೆಂದ ಪಾಲಿಸಿದ್ದು ಅದೇ ಮೊದಲು. ಮಾಸ್ತರರಿಗೆ ಬೈಯಲು ಮೇಲೆ ಹತ್ತಿದವನು, ಮುಂದಿನ ವಾರವೂ ಬರುತ್ತೀರಾ ಎಂದು ಕೇಳಿ ಇಳಿದೆ.

ಅಳಿಯನ ಮರ್ಯಾದೆ

ಹುಲಸೂರಿನ ಪಾರ್ಟಿಯೊಂದರಲ್ಲಿ ಹೊಸ ಅಳಿಯನಿದ್ದ. ಅಳಿಯ ಕುಡಿಯದೆ ಯಾರೂ ಚಹಾ ಕುಡಿಯುವಂತಿಲ್ಲ, ಅಳಿಯ ಇಳಿಯದೆ ಯಾರೂ ನೀರಿಗೆ ಇಳಿಯುವಂತಿಲ್ಲ. ನಾನು ಹಗ್ಗ ಕಟ್ಟಿ, ಇದನ್ನು ದಾಟಬೇಡಿ ಎಂದೆ. ದಾಟುವುದೆಲ್ಲಿ ಬಂತು? ಅಳಿಯ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತ. ಅವನ ಹಿಂದೆ ಹತ್ತು-ಹನ್ನೆರಡು ಮಂದಿ ಬೀಗರು ಪಾದ ನೆನೆಸಿಕೊಂಡು ರೇಷನ್ ಅಂಗಡಿಯ ಸಾಲಿನ ಹಾಗೆ ನಿಂತರು. ಅರ್ಧ ತಾಸು ಕಳೆದ ಮೇಲೆ ಅಳಿಯ ನನ್ನ ಕಿವಿಯಲ್ಲಿ ಹೇಳಿದ: "ಅಣ್ಣಾ, ನನಗ ನೀರಂದ್ರ ಭಾಳ ಅಂಜಿಕಿ. ಕೈ ಮುಗೀತೀನಿ, ಸೀಟಿ ಹೊಡಿ."

ಹೊಡೆದೆ. ಈಗ ಜೀಪು ಹೊರಡುವ ಮೊದಲೇ ಹೊಸ ಅಳಿಯ ಇದ್ದಾರೇನ್ರಿ ಎಂದು ಕೇಳುತ್ತೇನೆ. ಇದ್ದಾರೆಂದರೆ ಹಗ್ಗವನ್ನು ಹೆಗಲಿನಿಂದ ಇಳಿಸುವುದೇ ಇಲ್ಲ.

ಒಂದು ಜೋಡಿ

ಎಷ್ಟು ಮಂದಿ ಬಂದೀರಿ ಎಂದು ಕೇಳಿದರೆ ನಮ್ಮ ಕಡೆ ಯಾರೂ ಲೆಕ್ಕ ಹೇಳುವುದಿಲ್ಲ. "ಹದಿನೈದಿರಬೇಕ್ರಿ, ಎರಡ ಹೆಚ್ಚು-ಕಡಿಮಿ" ಅನ್ನುತ್ತಾರೆ. ಆ ಎರಡರಲ್ಲೇ ಒಬ್ಬರು ಮುಳುಗಿದರೆ? ಆದ್ದರಿಂದ ನಾನು ತಲೆ ಎಣಿಸುವುದಿಲ್ಲ, ಚಪ್ಪಲಿ ನೋಡುತ್ತೇನೆ. ಎಲ್ಲರೂ ಒಂದೇ ಬಂಡೆಯ ಮೇಲೆ ಚಪ್ಪಲಿ ಬಿಡಬೇಕು, ನೀರಿನಿಂದ ಎದ್ದವರು ಹಾಕಿಕೊಳ್ಳಬೇಕು. ಬಂಡೆ ಖಾಲಿಯಾದರೆ ನೀರೂ ಖಾಲಿ.

ಒಂದು ಶನಿವಾರ ಮೋರಖಂಡಿಯ ಪಾರ್ಟಿ. ಸೀಟಿ ಊದಿದೆ, ಎಲ್ಲರೂ ಎದ್ದು ಬಂದರು. ಬಂಡೆಯ ಮೇಲೆ ಮಾತ್ರ ಒಂದು ಜೋಡಿ ಹೆಂಗಸರ ಚಪ್ಪಲಿ ಹಾಗೇ ಉಳಿದಿತ್ತು.

"ಯಾರ್ದರೀ ಇವು?" ಎಂದು ಕೂಗಿದೆ. ಉತ್ತರವಿಲ್ಲ. ಚಪ್ಪಲಿಯನ್ನು ಎದೆಗವಚಿಕೊಂಡು, ಇಷ್ಟು ವರ್ಷದ ಮೇಲೆ ಒಂದು ಜೀವ ಕಳೆದೆನಲ್ಲಾ ಎಂದು ನಿಜವಾಗಿ ಅತ್ತೆ. ಹೆಂಗಸರು ಗೋಳಾಡಿದರು. ಗಂಡಸರು ಮೊಣಕಾಲು ನೀರಿನಲ್ಲಿ ಕೋಲು ಆಡಿಸಿದರು. ನಾನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮಡುವಿಗೆ ಇಳಿದೆ. ಹಗ್ಗದ ಇನ್ನೊಂದು ತುದಿ ಹಿಡಿದವರಲ್ಲಿ ಅವರ ಮನೆಯ ಹಿರಿಯ ಆಯಿಯೂ ಇದ್ದಳು. "ಯಾರ ಮಗಳೋ ಏನೋ ಪಾಪ!" ಎಂದು ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು.

ತಾಸು ಹೊತ್ತು ಹುಡುಕಿ, ನಡುಗುತ್ತ ಮೇಲೆ ಬಂದೆ. ಮುಖ ಎತ್ತುವ ಧೈರ್ಯವಿಲ್ಲದೆ ತಲೆ ತಗ್ಗಿಸಿದರೆ, ಎದುರಿಗೆ ಆಯಿಯ ಬರಿಗಾಲು.

"ಆಯೀ, ನಿಮ್ಮ ಚಪ್ಪಲಿ ಎಲ್ಲಿ ಅವ?"

ಆಯಿ ಆಚೀಚೆ ನೋಡಿ ಸಣ್ಣ ದನಿಯಲ್ಲಿ ಹೇಳಿದಳು: "ಅವೇ ತಮ್ಮಾ. ನಂಗ ಸಾಡೇಸಾತಿ ನಡದದ. ಶನಿವಾರ ದಿನ ಹಳೀ ಚಪ್ಪಲಿ ಬಿಟ್ಟು ಹೋದ್ರ ಶನಿ ಅದರ ಸಂಗಟ ಹೋಗ್ತಾನ. ಬಾಯಿ ಬಿಟ್ಟು ಹೇಳಿದ್ರ ಫಲ ಇಲ್ಲ, ಅದಕ್ಕ ಸುಮ್ಮಿದ್ದೆ."

"ಮತ್ತ ಯಾಕ ಅಳಾಕತ್ತಿದ್ರಿ?"

"ನೀ ಅಷ್ಟು ಅಳೋದು ನೋಡಿ, ಮತ್ಯಾರೋ ಖರೇನೇ ಹೋಗ್ಯಾರಂತ ತಿಳ್ಕೊಂಡೆ!"

ಸಿಟ್ಟು, ನಗು, ಸಮಾಧಾನ ಎಲ್ಲಾ ಒಟ್ಟಿಗೇ ಬಂದವು. ನನ್ನ ಜೀಪಿನಲ್ಲಿ ಬಂದದ್ದು ಏನೂ ಇಲ್ಲಿ ಉಳಿಯಬಾರದು ಎಂದು ಹಠದಿಂದ ಆ ಚಪ್ಪಲಿ ಎತ್ತಿಕೊಂಡೆ. "ಒಯ್ಯಬ್ಯಾಡ ತಮ್ಮಾ, ಒಯ್ದವರಿಗಿ ಶನಿ ಹತ್ತಿಕೊಳ್ತಾನ" ಎಂದು ಆಯಿ ಕೈಕೈ ಹಿಡಿದಳು. ನಾನು ಕೇಳಲಿಲ್ಲ. ನನ್ನ ಸೀಟಿನ ಕೆಳಗೇ ಇಟ್ಟುಕೊಂಡು ಹೊರಟೆ.

ಹುಮನಾಬಾದ್ ಇನ್ನೂ ದೂರವಿದ್ದಾಗ ಹಿಂದಿನ ಗಾಲಿ ಠಪ್ ಎಂದಿತು. ಸುರಿಯುವ ಮಳೆಯಲ್ಲಿ ಇಳಿದು ಸ್ಟೆಪ್ನಿ ಬಿಚ್ಚಿದೆ. ಅದರಲ್ಲೂ ಗಾಳಿಯಿಲ್ಲ. ತಲೆಯ ಮೇಲೆ ಕೈಹೊತ್ತು ಕೆಸರಲ್ಲಿ ಕೂತಾಗ ಜೀಪಿನೊಳಗಿಂದ ಆಯಿಯ ಸಂತೋಷದ ದನಿ ಕೇಳಿಸಿತು:

"ಬಿಡ್ತು ನೋಡ್ರವ್ವಾ, ನಂದು ಬಿಡ್ತು!"