ಕೋವಿ ಸದ್ದು ಯಾರಿಗೆ ಕೇಳಬಾರದು?

ಕೋವಿ ರಿಪೇರಿ ಅಂಗಡಿಗೆ ನೆಟ್ಟಗೆ ಮಾತಾಡುವ ಗಿರಾಕಿ ಬರುವುದೇ ಇಲ್ಲ. ಕಳ್ಳ ಬಂದರೆ ಪೊಲೀಸನ ಗತ್ತಿನಲ್ಲಿ ಮಾತಾಡುತ್ತಾನೆ, ಪೊಲೀಸ ಬಂದರೆ ಕಳ್ಳನ ಹಾಗೆ ಪಿಸುಗುಡುತ್ತಾನೆ. ಶಿರಸಿಯಲ್ಲಿ ಅಪ್ಪ ಬಿಟ್ಟುಹೋದ ಅಂಗಡಿಯಲ್ಲಿ ಕೂತಷ್ಟು ಕಾಲ ನಾನು ಹೆಂಡತಿ ಒಬ್ಬಳನ್ನು ಬಿಟ್ಟು ಉಳಿದವರನ್ನೆಲ್ಲ ಅನುಮಾನದಿಂದಲೇ ನೋಡಿದ್ದೇನೆ. ಅವಳು ನನ್ನೊಬ್ಬನನ್ನೇ ಹಾಗೆ ನೋಡುತ್ತಿದ್ದಳು.

ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಮುಂಬೈಯಿಂದ ತರಿಸಿದ ಸ್ಪ್ರಿಂಗುಗಳ ಜೊತೆ ಒಂದು ಕ್ಯಾಟಲಾಗು ಬಂತು. ಅದರ ಒಂದು ಪುಟದಲ್ಲಿ ರೈಫಲ್ಲಿನ ಮೂತಿಗೆ ಹಾಕುವ, ಈಡಿನ ಸದ್ದು ಅಡಗಿಸುವ ನಳಿಗೆಯ ಮೂರು ಚಿತ್ರಗಳಿದ್ದವು: ಗಿಡ್ಡದ್ದು, ನಡುವಿನದು, ಉದ್ದದ್ದು. ನಾನು ಅದನ್ನು ಒಬ್ಬನಿಗೆ ತೋರಿಸಿದ್ದೇ ತಪ್ಪಾಯಿತು. ಎಂಟು ದಿನದಲ್ಲಿ ಮೂರು ತಾಲ್ಲೂಕಿಗೆ ಸುದ್ದಿ ಮುಟ್ಟಿತು.

ಅದೇ ಹೊತ್ತಿಗೆ ನನ್ನ ಪರವಾನಗಿಯ ನವೀಕರಣದ ಕಾಗದ ಠಾಣೆಗೆ ಹೊಸದಾಗಿ ಬಂದ ಫೌಜದಾರರ ಮೇಜಿನ ಮೇಲೆ ಕೂತಿತ್ತು. ಅವರು ಬಂದವರೇ ಹುಕುಂ ಮಾಡಿದ್ದರು: ಅಂಗಡಿಗೆ ಯಾರೇ ಬರಲಿ, ಏನು ಬೇಕು, ಯಾಕೆ ಬೇಕು ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಿಸಬೇಕು, ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಪರವಾನಗಿ ಹೋದರೆ ನನಗೆ ಬೇರೆ ಕಸುಬು ಬಾರದು. ಹಾಗಾಗಿ ನಳಿಗೆ ಕೇಳಿ ಬಂದವರೆಲ್ಲ ಫೌಜದಾರರು ಬಿಟ್ಟ ಬೇಹಿನವರೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

೧. ವಾನಳ್ಳಿಯ ಮಂಗ

ಮೊದಲು ಬಂದವರು ವಾನಳ್ಳಿ ಕಡೆಯ ಹೆಗಡೆಯವರು. ಇರುವೆ ಮೆಟ್ಟಿದರೂ ಪ್ರಾಯಶ್ಚಿತ್ತ ಕೇಳುವ ಜನ. ಮಂಗ ಓಡಿಸಲಿಕ್ಕೆಂದು ಅಜ್ಜನ ಕಾಲದ ಕೇಪಿನ ಕೋವಿ ಇಟ್ಟುಕೊಂಡಿದ್ದರು.

"ಇದು ರೈಫಲ್ಲಿಗೆ ಹಾಕೋದು ಹೆಗಡೇರೆ, ನಿಮ್ಮದಕ್ಕೆ ಕೂರೋದಿಲ್ಲ" ಎಂದೆ.

"ಕೂರಿಸಿದ್ರೆ ಕೂತ್ಕತ್ತದೆ" ಎಂದರು.

ನನಗೆ ಅನುಮಾನ ಹತ್ತಿತು. "ಮಂಗ ಓಡೋದೇ ಸದ್ದಿಗೆ. ಸದ್ದೇ ಇಲ್ಲದಿದ್ರೆ ಅದು ಯಾಕೆ ಓಡ್ತದೆ?"

ಅವರು ಹಿಂದೆ ಮುಂದೆ ನೋಡಿ, ಬೆಂಚು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಪಕ್ಕದ ತೋಟ ತಮ್ಮನದು, ಪಾಲಾದ ಮೇಲೆ ಮಾತಿಲ್ಲ. ಇವರು ಈಡು ಹೊಡೆದರೆ ಮಂಗಗಳು ತಮ್ಮನ ತೋಟಕ್ಕೆ ಹೋಗುತ್ತವೆ. ಈಡು ಕೇಳಿದ್ದೇ ತಮ್ಮ ಡಬ್ಬಿ ಹಿಡಿದು ಬೇಲಿಯ ಹತ್ತಿರ ನಿಂತಿರುತ್ತಾನೆ. ಡಬ್ಬಿ ಬಡಿದು ಅಷ್ಟನ್ನೂ ಲೆಕ್ಕ ತಪ್ಪದೆ ವಾಪಸು ಕಳಿಸುತ್ತಾನೆ.

ಹೆಗಡೆಯವರು ಮೂರೂ ಚಿತ್ರಗಳ ಮೇಲೆ ಬೆರಳಾಡಿಸಿ, ತಮ್ಮ ಮನೆಮಾತಿಗೇ ಜಾರಿ ಕೇಳಿದರು: "ಮಂಗಕ್ಕೆ ಕೇಳವು, ತಮ್ಮಂಗೆ ಕೇಳ್ಲಾಗ. ಹಾಂಗಿದ್ದು ಯಾವ್ದಿದ್ದು?"

ಮಂಗಕ್ಕೆ ಕೇಳಬೇಕು, ತಮ್ಮನಿಗೆ ಕೇಳಬಾರದು ಎನ್ನುವುದು ಆಮೇಲಿನ ಮಾತು, ಯಾವ ನಳಿಗೆ ತರಿಸಲಿಕ್ಕೂ ಮೊದಲು ಠಾಣೆಗೆ ಅರ್ಜಿ ಕೊಡಬೇಕು, ಕೊಟ್ಟರೆ ಪೊಲೀಸರು ಮನೆಗೇ ಬಂದು ಮನೆಯವರ ಸಮಕ್ಷಮ ವಿಚಾರಣೆ ಮಾಡುತ್ತಾರೆ, ಅಕ್ಕಪಕ್ಕದವರನ್ನೂ ಕರೆಸುತ್ತಾರೆ ಎಂದೆ. ಪಕ್ಕದವನು ಯಾರೆಂದು ನೆನಪಾಗಿ ಅವರು ಕೊಡೆ ಎತ್ತಿಕೊಂಡರು.

೨. ಸಿದ್ದಾಪುರದ ಹಂದಿ

ಸಿದ್ದಾಪುರ ಕಡೆಯ ರೈತನೊಬ್ಬ ಬಂದ. ಅವನು ಗುರಿಗಾರ. ಅವನ ಊರಿನಲ್ಲಿ ಒಂದು ಪದ್ಧತಿ: ಕಾಡುಹಂದಿ ಬಿತ್ತು ಅಂದರೆ, ಈಡಿನ ಸದ್ದು ಕೇಳಿ ಮಾಂಸ ಕೊಯ್ಯುವುದರೊಳಗೆ ಬಂದು ನಿಂತವರಿಗೆಲ್ಲ ಪಾಲು.

"ಹೊಡಿಯೂದು ನಾನು. ಹೋದ ಸಲ ಎಷ್ಟು ಜನ ಬಂದ್ರು ಗೊತ್ತುಂಟಾ? ಹಲ್ಲಿಲ್ಲದ ಮುದುಕನೂ ಕೋಲು ಊರ್ಕಂಡು ಬಂದ. ನಂಗೆ ಉಳಿದದ್ದು ಅರ್ಧ ತಲೆ" ಎಂದ. "ಉದ್ದದ್ದೇ ಕೊಡಿ."

ಉದ್ದದ್ದೇ ಬೇಕಂತೆ! ಇವನು ಬೇಹಿನವನೇ ಸೈ ಎಂದುಕೊಂಡು, ಕಾರಣ ಬರೆದು, ಹೆಬ್ಬೆಟ್ಟು ಒತ್ತಿಸಿ, ನಳಿಗೆ ಇಲ್ಲ ಎಂದು ಕಳಿಸಿದೆ.

ದೀಪಾವಳಿ ಕಳೆದ ಮೇಲೆ ಸಿಕ್ಕಿದ. ಅವನೇ ಒಂದು ಉಪಾಯ ಹುಡುಕಿದ್ದನಂತೆ. ಊರ ತುಂಬ ಗರ್ನಾಲು ಪಟಾಕಿ ಢಂ ಅನ್ನುವ ಹೊತ್ತು ನೋಡಿಯೇ ಹಂದಿಗೆ ಈಡು ಹೊಡೆದ. ಒಂದು ನರಪಿಳ್ಳೆ ಬರಲಿಲ್ಲ.

"ಹಾಗಾದರೆ ಪೂರ್ತಿ ಹಂದಿ ನಿನ್ನದೇ ಆಯಿತಲ್ಲ?"

"ಎಂತದು ಮಾರಾಯ್ರೆ! ಒಬ್ನೇ ಎತ್ಲಿಕ್ಕೆ ಆಗೂದಾ ಅದು? ನಾನೇ ಮನೆಮನೆಗೆ ಹೋಗಿ ಕರಕಂಡು ಬಂದೆ. ಈ ಸಲ ಹಬ್ಬಕ್ಕೆ ಬಂದ ನೆಂಟರೂ ಬಂದ್ರು."

೩. ಯಲ್ಲಾಪುರದ ಎಮ್ಮೆ

ಯಲ್ಲಾಪುರದಿಂದ ಒಬ್ಬ ಅಜ್ಜಿ ಬಸ್ಸಿಳಿದು ನೇರ ಅಂಗಡಿಗೆ ಬಂದಳು. ಕೋವಿ ಅಂಗಡಿಗೆ ಹೆಂಗಸು, ಅದರಲ್ಲೂ ಒಬ್ಬಳೇ, ಅದರಲ್ಲೂ ಚೌಕಾಸಿ ಮಾಡದವಳು! ಫೌಜದಾರರ ತಲೆ ಭಾರಿ ತಲೆ ಎಂದುಕೊಂಡೆ.

"ಕೋವಿ ಎಲ್ಲಿ ಅಜ್ಜಿ?"

"ಕೋವಿ ನಂದಲ್ಲ, ಆಚೆಮನೆಯವಂದು. ಎಮ್ಮೆ ನಂದು."

ಆಚೆಮನೆಯವನು ಬೆಳಗಾಗೆದ್ದು ಬೆಟ್ಟದ ಅಂಚಿನಲ್ಲಿ ಈಡು ಹೊಡೆಯುವುದು, ಇವಳು ಹಾಲು ಕರೆಯಲು ಕೂರುವುದು ಒಂದೇ ಹೊತ್ತು. ಢಂ ಎಂದರೆ ಎಮ್ಮೆ ಚೊಂಬಿಗೆ ಒದ್ದು ಸೊರ ಕಟ್ಟುತ್ತದೆ, ಹನಿ ಹಾಲು ಇಳಿಸುವುದಿಲ್ಲ. ಸದ್ದು ನಿಂತರೆ ಚಂದಗುಳಿ ಗಣಪನಿಗೆ ಗಂಟೆ ಕಟ್ಟುತ್ತೇನೆಂದು ಹರಕೆ ಬೇರೆ ಹೊತ್ತಿದ್ದಳು. ಕಾರಣದ ಜಾಗದಲ್ಲಿ 'ಎಮ್ಮೆ' ಎಂದು ಬರೆದೆ. ಬೇಹಿನವಳಾದರೂ ನನಗೆ ಅವಳ ಮೇಲೆ ಪ್ರೀತಿಯೇ ಬಂತು.

"ಅಲ್ಲ ಅಜ್ಜಿ, ನೀನು ನಳಿಗೆ ತಗೊಂಡು ಹೋಗಿ ಕೊಟ್ಟರೂ ಅವನು ಕೋವಿಗೆ ಹಾಕದಿದ್ರೆ?"

ಅಜ್ಜಿ ಗಿಡ್ಡ ನಳಿಗೆಯ ಚಿತ್ರ ತೋರಿಸಿದಳು. "ಹಂಗಾರೆ ಇದ್ರಲ್ಲಿ ಎರಡು ಕೊಡು. ಎಮ್ಮೆ ಕಿವಿಗೆ ಹಾಕ್ತೆ."

೪. ಫೌಜದಾರರು

ಕೊನೆಗೆ ಒಂದು ಮಧ್ಯಾಹ್ನ ಫೌಜದಾರರೇ ಬಂದರು. ಪೇದೆಯನ್ನು ಹೊರಗೆ ನಿಲ್ಲಿಸಿ, "ಬಾಗಲಾ ಮುಂದ ಮಾಡ್ರಿ" ಎಂದರು. ನಾನು ಬಾಗಿಲು ಎಳೆದು ಮುಚ್ಚಿದೆ.

"ಆ ಪುಸ್ತಕ ತೋರಸ್ರಿ."

"ಯಾವ ಪುಸ್ತಕ ಸಾಹೇಬ್ರೆ?"

"ಮೂರು ನಳಿಗಿ ಅದಾವಂತಲ್ಲ, ಅದು. ನಿಮ್ಮ ಕಾಗದ ನನ್ನ ಮೇಜಿನ ಮ್ಯಾಲೆ ಐತಿ, ನೆನಪಿರಲಿ."

ತೋರಿಸಿದರೂ ಸತ್ತೆ, ತೋರಿಸದಿದ್ದರೂ ಸತ್ತೆ. ತೋರಿಸಿಯೇ ಸಾಯೋಣ ಎಂದು ತೆಗೆದುಕೊಟ್ಟೆ. ಅವರು ಬಹಳ ಹೊತ್ತು ನೋಡಿ, ಪಿಸುಮಾತಿನಲ್ಲಿ ಕೇಳಿದರು: "ಇವುರಾಗ ಛಲೋದು ಯಾವುದ್ರಿ?"

ಇದು ಬೋನು ಎಂದು ನನಗೆ ಅನಿಸಿತು. ಸುಮ್ಮನೆ ರಿಜಿಸ್ಟರು ಬಿಡಿಸಿ ಮುಂದಿಟ್ಟೆ. "ತಮ್ಮದೇ ಹುಕುಂ ಸಾಹೇಬ್ರೆ. ಕಾರಣ ಬರೆದು ಸಹಿ ಮಾಡಬೇಕು."

ಅವರು ಮಂಗ, ಹಂದಿ, ಎಮ್ಮೆ ಎಲ್ಲ ಓದಿದರು. ನಗಲಿಲ್ಲ. ಲೇಖನಿ ತೆಗೆದು ಮುಂದಿನ ಹಾಳೆಯಲ್ಲಿ 'ಉದ್ದದ್ದು' ಎಂದು ಬರೆದರು. ಕಾರಣದ ಜಾಗದಲ್ಲಿ ತುಸು ತಡೆದು, 'ಮನೆಯವರು' ಎಂದಷ್ಟೇ ಬರೆದು ಸಹಿ ಮಾಡಿದರು.

ಆಮೇಲೆ ಮಾತು ಹೊರಬಂತು. ಅವರ ಹೆಂಡತಿ ಬನವಾಸಿ ಕಡೆಯ ಶಿವಭಕ್ತರ ಮನೆಯವರು. ಇನ್ನು ಬೇಟೆ ಆಡುವುದಿಲ್ಲ ಎಂದು ಗಂಡನಿಂದ ಮನೆದೇವರ ಮೇಲೆ ಆಣೆ ಹಾಕಿಸಿಕೊಂಡಿದ್ದರು. ಇವರಿಗೆ ಬೇಟೆಯ ಚಟ ಬಿಟ್ಟಿರಲಿಲ್ಲ. "ಗುಡ್ಡದಾಗ ಈಡಿನ ಸದ್ದು ಕೇಳಿದ್ರ ಒಂದ ಮಾತೂ ಆಡೂದಿಲ್ರಿ ಆಕಿ. ಒಲಿ ಹಚ್ಚೂದಿಲ್ಲ, ಅಷ್ಟ."

ನನ್ನ ಅನುಮಾನ ಇಳಿಯಿತು. ಬೋನು ಒಡ್ಡುವವನಿಗೆ ಮುಖ ಇಷ್ಟು ಬಾಡುವುದಿಲ್ಲ. "ಸರಿ, ಮುಂದಿಂದು ಏನು?" ಎಂದರು.

"ಅರ್ಜಿ ಕೊಡಬೇಕು. ಠಾಣೆಯಿಂದ ವಿಚಾರಣೆ ಆಗಿ ಶಿಫಾರಸು ಹೋಗಬೇಕು."

"ವಿಚಾರಣಿ ಯಾರು ಮಾಡ್ಬೇಕು?"

"ತಾವೇ."

"ಎಲ್ಲಿ?"

"ಅರ್ಜಿದಾರರ ಮನೆಯಲ್ಲಿ."

"ಯಾರ ಸಮಕ್ಷಮ?"

ನಾನು ರಿಜಿಸ್ಟರಿನಲ್ಲಿ ಅವರೇ ಬರೆದ ಕಾರಣದ ಮೇಲೆ ಬೆರಳಿಟ್ಟೆ.

ಫೌಜದಾರರು ಕ್ಯಾಟಲಾಗು ಮುಚ್ಚಿದರು. "ಆ ಸಾಲು ಹೊಡದು ಹಾಕ್ರಿ" ಎಂದರು.

"ಹೊಡೆದುಹಾಕುವಂತಿಲ್ಲ ಸಾಹೇಬ್ರೆ. ಹಾಳೆಯನ್ನೂ ಹರಿಯುವಂತಿಲ್ಲ."

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಪೇದೆ ನನ್ನ ಪರವಾನಗಿ ಹಿಡಿದು ನಿಂತಿದ್ದ. ಆ ಫೌಜದಾರರು ವರ್ಗವಾಗುವವರೆಗೆ ಅದು ಒಮ್ಮೆಯೂ ತಡವಾಗಲಿಲ್ಲ. ವರ್ಷ ವರ್ಷ ರಿಜಿಸ್ಟರು ತಪಾಸಣೆಗೆ ಅವರೇ ಬರುತ್ತಿದ್ದರು, ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಹಾಳೆ ತಿರುವುತ್ತಿದ್ದರು. ಅಜ್ಜಿಯ ಎಮ್ಮೆಯ ಸಾಲು ಬಂದ ಕೂಡಲೇ ಮಾತ್ರ ಎರಡು ಹಾಳೆ ಒಟ್ಟಿಗೆ ತಿರುವುತ್ತಿದ್ದರು.